ವಿವರಣೆಯ ಒಂದು ವಾಕ್ಯ

ಕನ್ನಡ ಮೇಷ್ಟರಿಗೂ ಗಣಕದ ಸಾಧನಗಳಿಗೂ ಎಲ್ಲಿಯ ನಂಟು ಎಂದು ಕೇಳುಗರು ಹುಬ್ಬೇರಿಸಬಹುದು. ಶಾಸನಗಳಲ್ಲಿ ಬರುವ ಶಬ್ದಗಳನ್ನು ನಾನು ಬಹುಕಾಲದಿಂದ ಚೀಟಿಗಳಲ್ಲಿ ಬರೆದಿಟ್ಟುಕೊಂಡು ಬಂದವನು. ಆ ಚೀಟಿಗಳು ಈಗ ಗಣಕವನ್ನೂ ಸೇರಿವೆ. ಕೃತಕ ಬುದ್ಧಿಯ ಸಹಾಯಕನನ್ನು ಕೇಳಿ ಅವುಗಳನ್ನು ಹುಡುಕಿಸಬೇಕೆಂಬ ಆಸೆಯೇ ನನ್ನನ್ನು ಈ ವಿಚಾರಕ್ಕೆ ಎಳೆದು ತಂದಿತು.

ಸಹಾಯಕನಿಗೆ ಭಾಷೆ ಗೊತ್ತು. ನನ್ನ ಚೀಟಿಗಳು ಗೊತ್ತಿಲ್ಲ. ನಡುವೆ ನಿಂತು, ಕೇಳಿದ್ದನ್ನು ತಂದುಕೊಡುವ ಚಿಕ್ಕ ತಂತ್ರಾಂಶವೇ ಸರ್ವರ್. ಇದಕ್ಕೆಂದು ಆಂಥ್ರೊಪಿಕ್ ಸಂಸ್ಥೆಯು 2024ರ ನವೆಂಬರಿನಲ್ಲಿ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್, ಸಂಕ್ಷೇಪವಾಗಿ ಎಂಸಿಪಿ, ಎಂಬ ಸಮಾನ ನಿಯಮಾವಳಿಯನ್ನು ಎಲ್ಲರಿಗೂ ತೆರೆದಿಟ್ಟಿತು.

ಇಂಥ ಸರ್ವರನ್ನು ಕಟ್ಟಲು ಮುಕ್ತ ಆಕರದ ಸಾಧನಗಳು ಹಲವಿವೆ. ಅಧಿಕೃತ ಪೈಥಾನ್ ಸಾಧನದ ಕೆಳಸ್ತರದಲ್ಲಿ ದುಡಿಯುವವನು ಪ್ರತಿಯೊಂದು ಕೆಲಸದ ಹೆಸರು, ವಿವರಣೆ, ಅದಕ್ಕೆ ಒದಗಿಸಬೇಕಾದ ಮಾಹಿತಿಯ ಸ್ವರೂಪ ಎಲ್ಲವನ್ನೂ ಕೈಯಾರೆ ಬರೆಯಬೇಕು. ಫಾಸ್ಟ್‌ಎಂಸಿಪಿ ಎಂಬುದು ಈ ಹೊರೆಯನ್ನು ಇಳಿಸಿತು. ಸಾಮಾನ್ಯ ಪೈಥಾನ್ ಫಂಕ್ಷನ್ನಿನ ನೆತ್ತಿಯ ಮೇಲೊಂದು ಗುರುತಿಟ್ಟರೆ ಸಾಕು, ಉಳಿದುದನ್ನು ಅದೇ ಓದಿಕೊಳ್ಳುತ್ತದೆ. ಅದರ ಮೊದಲ ರೂಪವನ್ನು 2024ರಲ್ಲಿಯೇ ಅಧಿಕೃತ ಸಾಧನದೊಳಗೆ ಸೇರಿಸಿಕೊಂಡರು; 2025ರಲ್ಲಿ ಎರಡನೆಯ ಆವೃತ್ತಿ ಬೇರೆಯಾಗಿಯೇ ಹೊರಬಂದಿತು. ಟೈಪ್‌ಸ್ಕ್ರಿಪ್ಟ್ ಬಲ್ಲವರಿಗೆ ಇನ್ನೊಂದು ಅಧಿಕೃತ ಸಾಧನವುಂಟು. ಅಲ್ಲಿ ವಿವರಣೆಗೆ ಪ್ರತ್ಯೇಕ ಸ್ಥಾನವಿದೆ.

ನಾನು ಸುಲಭವಾದುದನ್ನೇ ಹಿಡಿದೆ. ಎಡವಿದ್ದೂ ಅಲ್ಲಿಯೇ. ಫಂಕ್ಷನ್ನಿನ ಒಳಗೆ ಮೊದಲಿಗೆ ಬರೆಯುವ ವಿವರಣೆ ನಮ್ಮ ನೆನಪಿಗೆಂದು ಬರೆದ ಟಿಪ್ಪಣಿಯಂತೆ ತೋರುತ್ತದೆ. ಫಾಸ್ಟ್‌ಎಂಸಿಪಿಯಲ್ಲಿ ಅದೇ ಸಹಾಯಕನ ಕಣ್ಣಿಗೆ ಬೀಳುವ ಮಾತು. ಹುಡುಕುವುದಕ್ಕೊಂದು, ತಿದ್ದುವುದಕ್ಕೊಂದು ಫಂಕ್ಷನ್ ಬರೆದೆ. ಎರಡನೆಯದಕ್ಕೆ ‘ಶಬ್ದದ ಅರ್ಥವನ್ನು ಸರಿನೋಡುವುದು’ ಎಂದು ಉದಾಸೀನದಿಂದ ಗೀಚಿದ್ದೆ. ‘ಮಾನ್ಯ ಎಂಬುದರ ಅರ್ಥ ಸರಿಯಾಗಿದೆಯೇ?’ ಎಂದು ಒಂದು ದಿನ ಕೇಳಿದೆ. ಕರವಿಲ್ಲದೆ ಬಿಟ್ಟುಕೊಟ್ಟ ಭೂಮಿ ಎಂದು ನಾನು ಬರೆದಿದ್ದುದನ್ನು ಅಳಿಸಿ, ‘ಗೌರವಕ್ಕೆ ಅರ್ಹವಾದ’ ಎಂದು ಅದು ಬರೆದಿಟ್ಟಿತು! ಯಂತ್ರವನ್ನು ಬೈದು ಫಲವೇನು? ನನ್ನ ವಾಕ್ಯವನ್ನೇ ಅದು ನಂಬಿತ್ತು. ಜೀವಮಾನವೆಲ್ಲ ವಿದ್ಯಾರ್ಥಿಗಳ ಅಸ್ಪಷ್ಟ ವಾಕ್ಯಗಳಿಗೆ ಕೆಂಪು ಗೀಟು ಎಳೆದವನು ನಾನು.

ಟೈಪ್‌ಸ್ಕ್ರಿಪ್ಟ್ ಸಾಧನದ ಆ ಪ್ರತ್ಯೇಕ ಸ್ಥಾನಕ್ಕೆ ಬೆಲೆಯಿದೆ ಎನಿಸಿದ್ದು ಆಮೇಲೆ. ಬರೆಯುವವನನ್ನು ಅದು ಒಂದು ಕ್ಷಣ ತಡೆದು ನಿಲ್ಲಿಸುತ್ತದೆ. ಆದರೂ ಹೊಸಬರಿಗೆ ನಾನು ಫಾಸ್ಟ್‌ಎಂಸಿಪಿಯನ್ನೇ ಹೇಳುವೆ, ಜೊತೆಗೆ ಎಂಸಿಪಿ ಇನ್‌ಸ್ಪೆಕ್ಟರನ್ನೂ ಬಳಸಬೇಕೆಂಬ ಷರತ್ತಿನೊಡನೆ. ಸರ್ವರು ತನ್ನ ಕೆಲಸಗಳನ್ನು ಹೇಗೆ ಪರಿಚಯಿಸುತ್ತದೆಂಬುದನ್ನು ಮುಂಚೆಯೇ ಓದಿ ನೋಡಲು, ಒಂದೊಂದನ್ನೂ ಕರೆದು ಪರೀಕ್ಷಿಸಲು ಅದರಲ್ಲಿ ಅವಕಾಶವಿದೆ. ‘ಇದು ಓದುವುದಕ್ಕೆ ಮಾತ್ರ’ ಎಂಬ ಗುರುತನ್ನು ಹಚ್ಚುವ ಏರ್ಪಾಡು ನಿಯಮಾವಳಿಯಲ್ಲಿದೆ, ನಿಜ. ಅದು ಸೂಚನೆಯೇ ಹೊರತು ಬೀಗವಲ್ಲ.

ತಿದ್ದುವ ಫಂಕ್ಷನ್ನನ್ನು ನಾನು ಸರ್ವರಿನಿಂದ ತೆಗೆದೇ ಹಾಕಿದೆ. ಕಾಗದದ ಚೀಟಿ ಪುಣ್ಯಕ್ಕೆ ಪೆಟ್ಟಿಗೆಯಲ್ಲಿಯೇ ಉಳಿದಿತ್ತು. ಅದನ್ನು ನೋಡಿಕೊಂಡು ‘ಮಾನ್ಯ’ವನ್ನು ಕೈಯಾರೆ ಮತ್ತೆ ಬರೆದೆ.