ಯಾರ್ಕ್‌ಷೈರ್ ಮಾತಿಗೆ ಯಾರ ಕಾಸು?

1876ರಲ್ಲಿ ಜೋಸೆಫ್ ರೈಟ್ ಎಂಬ ಇಪ್ಪತ್ತರ ಹುಡುಗ ಆಂಟ್‌ವರ್ಪ್ ಬಂದರಿನಲ್ಲಿ ಹಡಗಿಳಿದು ಜರ್ಮನಿಯ ಹೈಡೆಲ್‌ಬರ್ಗ್‌ವರೆಗೆ ನಡೆದುಕೊಂಡೇ ಹೋದ. 250 ಮೈಲಿಗೂ ಮಿಕ್ಕಿದ ದಾರಿ. ಓದಿಗೆಂದು ಕೂಡಿಟ್ಟ ದುಡ್ಡನ್ನು ಪ್ರಯಾಣಕ್ಕೆ ಸುರಿಯಲು ಮನಸ್ಸಿರಲಿಲ್ಲ. ಇಂಗ್ಲೆಂಡಿನ ಯಾರ್ಕ್‌ಷೈರ್‌ನವನಾದ ಈತ ಆರರ ಪ್ರಾಯದಲ್ಲಿ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆದವನು, ಆಮೇಲೆ ಉಣ್ಣೆ ಗಿರಣಿ ಸೇರಿದವನು. ಓದು ಬರಹ ಕಲಿತದ್ದು ಹದಿನೈದು ತುಂಬಿದ ಮೇಲೆ.

1885ರಲ್ಲಿ ಹೈಡೆಲ್‌ಬರ್ಗ್ ಅವನಿಗೆ ಡಾಕ್ಟರೇಟ್ ಕೊಟ್ಟಿತು. ಆದರೆ ಪ್ರಬಂಧ ಗ್ರೀಕ್ ಸ್ವರಗಳ ಮೇಲೆ! ತಾನು ಬೆಳೆದ ವಿಂಡ್‌ಹಿಲ್‌ನ ಆಡುಮಾತಿನ ವ್ಯಾಕರಣ ಬರೆದು ಪ್ರಕಟಿಸುವ ಹೊತ್ತಿಗೆ 1892 ಆಗಿತ್ತು. 1898ರಿಂದ 1905ರ ನಡುವೆ ಆರು ಸಂಪುಟಗಳಲ್ಲಿ ಬಂದ ಇಂಗ್ಲಿಷ್ ಉಪಭಾಷೆಗಳ ನಿಘಂಟಿಗಂತೂ ರೈಟ್ ಸ್ವಂತ ಹಣ ಹಾಕಿ, ಚಂದಾದಾರರನ್ನು ಹುಡುಕಬೇಕಾಯಿತು. ಪ್ರಾದೇಶಿಕ ಇಂಗ್ಲಿಷಿನ ಅಧ್ಯಯನಕ್ಕೆ ದುಡ್ಡು ಹುಟ್ಟುವುದು ಅಂದೂ ಕಷ್ಟವಿತ್ತು, ಇಂದೂ ಸುಲಭವಿಲ್ಲ.

ರೈಟ್ ಬಳಿ ಕಲಿತ ಹೆರಾಲ್ಡ್ ಆರ್ಟನ್ ಮುಂದೆ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಆಡುಮಾತುಗಳ ಸಮೀಕ್ಷೆಯ ದೊಡ್ಡ ಕೆಲಸಕ್ಕೇ ಕೈಹಾಕಿದರು. 1950ರಿಂದ 1961ರವರೆಗೆ 313 ಊರು, ಪ್ರತಿ ಊರಿನಲ್ಲೂ 1,300ಕ್ಕೂ ಹೆಚ್ಚು ಪ್ರಶ್ನೆ. ಹಂದಿ ಕೂಡಿಹಾಕುವ ಜಾಗಕ್ಕೆ ನಿಮ್ಮಲ್ಲಿ ಏನಂತೀರಿ ಎಂಬಂಥವು. ಉತ್ತರಿಸುವವರು ಅದೇ ಊರಲ್ಲಿ ಹುಟ್ಟಿ ಬೆಳೆದ ಹಿರಿಯರಾಗಿರಬೇಕು. ಕಿವಿ ಚುರುಕಿರಬೇಕು, ಹಲ್ಲು ಗಟ್ಟಿಯಿರಬೇಕು! ಸಂಗ್ರಹಕ್ಕೆ ಹೊರಟವರಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳೂ ಇದ್ದರು. ಅವರೆಲ್ಲರಿಗಿಂತ ಹೆಚ್ಚು ತಿರುಗಿದವರು ಸ್ಟಾನ್ಲಿ ಎಲಿಸ್. ಮೊದಲು ಮೋಟಾರ್ ಸೈಕಲ್, ಆಮೇಲೆ ಕ್ಯಾರವಾನ್. ನೂರಕ್ಕೂ ಹೆಚ್ಚು ಊರು.

ಹಂದಿಗೂಡಿನ ಹೆಸರು ಕಟ್ಟಿಕೊಂಡು ಏನಾಗಬೇಕು ಎನ್ನುವವರಿಗೆ ಉತ್ತರ ಸಿಕ್ಕಿದ್ದು 1979ರಲ್ಲಿ. ಯಾರ್ಕ್‌ಷೈರ್‌ನ ಸರಣಿ ಕೊಲೆಗಳ ತನಿಖೆಯ ನಡುವೆ ಪೊಲೀಸರಿಗೊಂದು ಧ್ವನಿಸುರುಳಿ ಬಂತು. ಕೊಲೆಗಾರ ನಾನೇ ಎಂದಿತು ಅದರ ದನಿ. ಎಲಿಸ್ ಅದನ್ನು ಕೇಳಿ ಸಂಡರ್‌ಲೆಂಡ್ ನಗರದ ಕ್ಯಾಸಲ್‌ಟೌನ್, ಸೌತ್‌ವಿಕ್ ಆಸುಪಾಸಿನವನು ಎಂದರು. ಇದು ಮೋಸದ ಟೇಪ್ ಇರಬಹುದು ಎಂಬ ಎಚ್ಚರಿಕೆಯನ್ನೂ ಕೊಟ್ಟರು. ಪೊಲೀಸರು ಊರಿನ ಸುಳಿವು ಹಿಡಿದರು, ಎಚ್ಚರಿಕೆ ಬಿಟ್ಟರು; ನಿಜವಾದ ಕೊಲೆಗಾರನಿಗೆ ಸಂಡರ್‌ಲೆಂಡ್ ಉಚ್ಚಾರಣೆ ಇರಲಿಲ್ಲ. ಡಿಎನ್‌ಎ ಪುರಾವೆಯಿಂದ ಸುಳ್ಳು ಟೇಪಿನವನು ಸಿಕ್ಕಿಬಿದ್ದು 2006ರಲ್ಲಿ ಶಿಕ್ಷೆಗೆ ಗುರಿಯಾದಾಗ, ಅವನು ಸಂಡರ್‌ಲೆಂಡಿನವನೇ ಎಂಬುದು ಖಚಿತವಾಯಿತು.

ಆದರೆ ಅದಕ್ಕೂ ಎಷ್ಟೋ ಮೊದಲೇ ಲೀಡ್ಸ್‌ನ ಉಪಭಾಷೆ ಮತ್ತು ಜನಪದ ಅಧ್ಯಯನ ಸಂಸ್ಥೆ 1983ರಲ್ಲಿ ಬಾಗಿಲು ಹಾಕಿತ್ತು. ಅದರ ಧ್ವನಿಮುದ್ರಣಗಳನ್ನು ಮತ್ತೆ ಹಳ್ಳಿಗರ ಕಿವಿಗೆ ತಲುಪಿಸುವ ಯೋಜನೆಗೆ 2019ರಲ್ಲಿ ಹಣ ಬಂದದ್ದು ರಾಷ್ಟ್ರೀಯ ಲಾಟರಿಯ ಪರಂಪರೆ ನಿಧಿಯಿಂದ. ವಿದ್ವತ್ತಿಗೆ ಲಾಟರಿ ಹೊಡೆದದ್ದು ಅಕ್ಷರಶಃ ನಿಜ.

ಇಂದಿನ ಸಂಶೋಧಕ ನಡೆದು ಹೋಗಬೇಕಿಲ್ಲ, ಅರ್ಜಿ ಬರೆಯಬೇಕು. ಬ್ರಿಟನ್ನಿನ ಸಂಶೋಧನಾ ಮಂಡಳಿಗಳ ಪಿಎಚ್‌ಡಿ ಭತ್ಯೆ 2025-26ಕ್ಕೆ ವರ್ಷಕ್ಕೆ ಕನಿಷ್ಠ 20,780 ಪೌಂಡ್. ಶುಲ್ಕ ಬೇರೆ ಕಟ್ಟುತ್ತಾರೆ. ಮೊತ್ತಕ್ಕಿಂತ ದೊಡ್ಡ ತಲೆನೋವು ಸಂಖ್ಯೆಯದು. ಕಲೆ ಮತ್ತು ಮಾನವಿಕ ಸಂಶೋಧನಾ ಮಂಡಳಿ ವರ್ಷಕ್ಕೆ ಸುಮಾರು 425 ಇದ್ದ ತನ್ನ ಹೊಸ ವಿದ್ಯಾರ್ಥಿವೇತನಗಳನ್ನು ಈ ದಶಕದ ಕೊನೆಗೆ 300ಕ್ಕೆ ಇಳಿಸಲು ಹೊರಟಿದೆ. ಇತಿಹಾಸ, ಸಂಗೀತ, ತತ್ವಶಾಸ್ತ್ರ ಎಲ್ಲವೂ ಕೈಚಾಚುವ ಈ ಬುಟ್ಟಿಯಲ್ಲಿ ಹಳ್ಳಿ ಇಂಗ್ಲಿಷಿನ ಪಾಲೆಷ್ಟು?

ಭಾರತೀಯರೂ ಅರ್ಜಿ ಹಾಕಬಹುದು. ಹೊರದೇಶದವರಿಗೆ ನೂರಕ್ಕೆ ಮೂವತ್ತರ ಮಿತಿ ಇದೆ. ಮಂಡಳಿ ಕೊಡುವುದು ಸ್ಥಳೀಯರ ದರದ ಶುಲ್ಕವನ್ನು ಮಾತ್ರ. ಮಿಕ್ಕ ಅಂತರವನ್ನು ವಿಶ್ವವಿದ್ಯಾಲಯವೇ ತುಂಬಿಕೊಡುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳುವುದು ವಾಸಿ.