ವಯಸ್ಸು ಮೀರುವ ಮುನ್ನ ಹಲ್ಲಿಗೆ ಕ್ಲಿಪ್

ಗ್ರೂಪ್ ಫೋಟೊದಲ್ಲಿ ತುಟಿ ಬಿಗಿಹಿಡಿದು ನಗುವವರು ಪ್ರತಿ ಕ್ಲಾಸಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಹೈಸ್ಕೂಲಿನಲ್ಲಿ ‘ಹಲ್ಲುಬ್ಬಿ’ ಅಂತ ಕರೆಸಿಕೊಂಡ ನೋವು ಇಂಟರ್‌ವ್ಯೂ ಕೋಣೆವರೆಗೂ ಜೊತೆಗೇ ಬರುತ್ತದೆ. ಮನೆಯಲ್ಲಿ ಹೇಳಿದರೆ, ‘ಊಟ ಮಾಡೋಕೆ ತೊಂದರೆ ಇಲ್ವಲ್ಲ, ಸುಮ್ನಿರು’ ಎಂಬ ಉತ್ತರ.

ಉಬ್ಬುಹಲ್ಲು ಬರೀ ಅಂದದ ಪ್ರಶ್ನೆಯಲ್ಲ. ತುಟಿಯ ರಕ್ಷಣೆ ಇಲ್ಲದ ಮುಂದಿನ ಹಲ್ಲಿಗೆ ಆಟದಲ್ಲೋ ಬೈಕಿನಿಂದ ಬಿದ್ದಾಗಲೋ ಮೊದಲು ಪೆಟ್ಟು ಬೀಳುತ್ತದೆ. ಇದು ವಂಶದಿಂದ ಬಂದಿರಬಹುದು. ತುಂಬಾ ವರ್ಷ ಹೆಬ್ಬೆರಳು ಚೀಪಿದ್ದೂ ಕಾರಣವಾಗಬಹುದು.

ಕ್ಲಿಪ್ ಹಲ್ಲನ್ನು ಬಲವಂತವಾಗಿ ಎಳೆಯುವುದಿಲ್ಲ. ತಂತಿ ಹಗುರವಾಗಿ ಒತ್ತಿದ ಕಡೆ ದವಡೆಯ ಮೂಳೆ ಕರಗಿ, ಇನ್ನೊಂದು ಕಡೆ ಹೊಸ ಮೂಳೆ ಬೆಳೆಯುತ್ತದೆ. ಹಲ್ಲು ಸರಿಯುವುದು ತಿಂಗಳಿಗೆ ಸುಮಾರು 1 ಮಿಲಿಮೀಟರ್. ಹಾಗಾಗಿಯೇ ಒಂದೂವರೆ, ಎರಡು ವರ್ಷ ಬೇಕು. ಹಲ್ಲು ಹಿಂದೆ ಸರಿಯಲು ಜಾಗವಿಲ್ಲದಿದ್ದರೆ ಕೋರೆಹಲ್ಲಿನ ಹಿಂದಿನ ಹಲ್ಲು ಕೀಳಬೇಕಾಗಬಹುದು.

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆ ಇಲ್ಲಿಗೆ ಸರಿಯಾಗಿ ಹೊಂದುತ್ತದೆ. ಕೆಳದವಡೆ ಹಿಂದೆ ಉಳಿದದ್ದೇ ಕಾರಣವಾದರೆ, ಬೆಳೆಯುವ ವಯಸ್ಸಿನಲ್ಲಿ, ಅಂದರೆ ಸುಮಾರು 10ರಿಂದ 14ರೊಳಗೆ, ಹಾಕಿ ತೆಗೆಯುವ ಸಾಧನದಿಂದ ಅದನ್ನು ಮುಂದಕ್ಕೆ ತರಲು ಯತ್ನಿಸಬಹುದು. ಆಗ ಅಪ್ಪನ ಬಳಿ ದುಡ್ಡಿರುವುದಿಲ್ಲ. ನಮಗೆ ಸಂಬಳ ಬರುವ ಹೊತ್ತಿಗೆ ದವಡೆಯ ಬೆಳವಣಿಗೆ ಮುಗಿದಿರುತ್ತದೆ. ಆಮೇಲೂ ಹಲ್ಲು ಸರಿಸಬಹುದು; ದವಡೆಯ ವ್ಯತ್ಯಾಸ ಹೆಚ್ಚಿದ್ದರೆ ಮಾತ್ರ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ನಮ್ಮ ಹಲಸೂರಿನಲ್ಲಿ ಹಲ್ಲಿನ ಕ್ಲಿನಿಕ್‌ಗಳಿಗೆ ಬರವಿಲ್ಲ. ಆದರೆ ಅಲ್ಲಿ ಹೇಳುವ ಮೊತ್ತ ಕೇಳಿ ಆಟೊ ಓಡಿಸುವವರು, ಸಣ್ಣ ಅಂಗಡಿಯವರು ಸುಮ್ಮನೆ ಮನೆಗೆ ಮರಳುತ್ತಾರೆ. ಅಂಥವರಿಗೆ ಇನ್ನೊಂದು ದಾರಿಯಿದೆ. ಹಲಸೂರಿನಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಿಸಿದರೆ ಎರಡನೇ ನಿಲ್ದಾಣವೇ ಕೆ.ಆರ್. ಮಾರುಕಟ್ಟೆ. ಪಕ್ಕದ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಸ್ನಾತಕೋತ್ತರ ವಿದ್ಯಾರ್ಥಿಗಳು ಪ್ರಾಧ್ಯಾಪಕರ ಉಸ್ತುವಾರಿಯಲ್ಲಿ ಚಿಕಿತ್ಸೆ ಕೊಡುತ್ತಾರೆ. ಖರ್ಚು ಕಡಿಮೆ, ಕಾಯುವುದು ಜಾಸ್ತಿ. ಖಾಸಗಿ ದಂತ ಕಾಲೇಜುಗಳಲ್ಲೂ ಸಾಮಾನ್ಯವಾಗಿ ಕ್ಲಿನಿಕ್‌ಗಿಂತ ಕಡಿಮೆಗೆ ಆಗುತ್ತದೆ.

ಇನ್ನು ಉಳಿದದ್ದು ನಮ್ಮ ಕೈಯಲ್ಲಿದೆ. ಮೊದಲ ಕೆಲವು ದಿನ ನೋವಿರುತ್ತದೆ, ಮೊಸರನ್ನವೇ ಗತಿ. ಚಕ್ಕುಲಿ, ಕಡಲೆಮಿಠಾಯಿ, ಕಬ್ಬು ಎರಡು ವರ್ಷ ದೂರ. ಪ್ರತಿ ಊಟದ ನಂತರ ಬ್ರಷ್ ಮಾಡದಿದ್ದರೆ ಕ್ಲಿಪ್ಪಿನ ಸುತ್ತ ಬಿಳಿ ಕಲೆ ಉಳಿಯುತ್ತದೆ. ಕ್ಲಿಪ್ ಬಿಚ್ಚಿದ ಮೇಲೆ ರಿಟೇನರ್ ಹಾಕದಿದ್ದರೆ ಹಲ್ಲು ಮತ್ತೆ ಹಳೆಯ ಜಾಗದತ್ತ ಸರಿಯುತ್ತದೆ. ಪಟ್ಟ ಕಷ್ಟ ನೀರಲ್ಲಿ ಹೋಮ.

ಮನೆಯಲ್ಲಿ ಆರನೇ, ಏಳನೇ ಕ್ಲಾಸಿನ ತಮ್ಮನೋ ತಂಗಿಯೋ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರೆ ಈ ರಜೆಯಲ್ಲೇ ಒಮ್ಮೆ ತೋರಿಸಿ. ಅಪ್ಪ ಅಮ್ಮನಿಗೆ ಬಿಡುವಿಲ್ಲದಿದ್ದರೆ, ಅವರನ್ನು ಒಪ್ಪಿಸಿ ನಾವೇ ಕರೆದುಕೊಂಡು ಹೋಗಬಹುದಲ್ಲ?