ಬಂದರು ಹುಡುಕಿಕೊಂಡು ಹೋದ ಎಸ್.ಆರ್. ರಾವ್

ಇವತ್ತು ಮಾತಾಡೋದು ಶಿಕಾರಿಪುರ ರಂಗನಾಥ ರಾವ್ ಬಗ್ಗೆ. 1922ರಲ್ಲಿ ಹುಟ್ಟಿದ ಕನ್ನಡಿಗ, ಓದಿದ್ದು ಮೈಸೂರು ವಿಶ್ವವಿದ್ಯಾಲಯದಲ್ಲಿ, ಕೆಲಸಕ್ಕೆ ಹೋಗಿದ್ದು ಬರೋಡಾದ ಪುರಾತತ್ವ ಇಲಾಖೆಗೆ.

ದೇಶ ಇಬ್ಭಾಗವಾದಾಗ ಹರಪ್ಪ, ಮೊಹೆಂಜೊದಾರೊ ಎರಡೂ ಪಾಕಿಸ್ತಾನದ ಪಾಲಾದವು. ಗಡಿಯ ಈಚೆಗೂ ಅದೇ ನಾಗರಿಕತೆಯ ಊರುಗಳು ಇದ್ದವಾ ಅಂತ ಹುಡುಕಾಟ ಶುರುವಾಯ್ತು. 1954ರಲ್ಲಿ ಅಹಮದಾಬಾದ್ ಜಿಲ್ಲೆಯ ಒಂದು ದಿಬ್ಬ ರಾವ್ ಕಣ್ಣಿಗೆ ಬಿತ್ತು. ಅದೇ ಲೋಥಲ್. ಮರುವರ್ಷವೇ ಉತ್ಖನನ.

ಅಲ್ಲಿ ಸಿಕ್ಕಿದ್ದು 200 ಮೀಟರಿಗಿಂತ ಉದ್ದದ, ಸುಟ್ಟ ಇಟ್ಟಿಗೆ ಗೋಡೆಯ ದೊಡ್ಡ ಹೊಂಡ. ಇದು ಹಡಗುಕಟ್ಟೆ ಅಂದ್ರು ರಾವ್. ಅಲ್ಲ, ನೀರಾವರಿ ಕೆರೆ ಅಂದವರೂ ಇದ್ರು.

ಬಿಕಾಂ ಓದಿದ ನನಗೆ ಹೊಂಡಕ್ಕಿಂತ ಇಷ್ಟವಾಗಿದ್ದು ಪಕ್ಕದ ಗೋದಾಮು. ಅಲ್ಲಿ ಚಿಕ್ಕ ಚಿಕ್ಕ ಜೇಡಿಮಣ್ಣಿನ ತುಂಡುಗಳು ಸಿಕ್ಕವು. ಒಂದು ಕಡೆ ಮುದ್ರೆ, ಹಿಂದೆ ಹಗ್ಗ, ಬಟ್ಟೆ, ಚಾಪೆಯ ಗುರುತು. ಅಂದ್ರೆ ಮೂಟೆ ಕಟ್ಟಿ, ಗಂಟಿನ ಮೇಲೆ ಹಸಿ ಮಣ್ಣು ಮೆತ್ತಿ ಸೀಲ್ ಒತ್ತಿದ್ದಾರೆ. ನಮ್ಮ ಕೊರಿಯರ್ ಪಾರ್ಸೆಲ್ ಲೇಬಲ್ ಇದ್ದ ಹಾಗೆ! ಮೂಟೆ ಬಿಚ್ಚಿದ ಮೇಲೆ ಪುಡಿಯಾಗಿ ಹೋಗಬೇಕಿದ್ದ ಮಣ್ಣು. ಗೋದಾಮಿಗೆ ಬೆಂಕಿ ಬಿದ್ದು ಬೆಂದು ಗಟ್ಟಿಯಾಗಿದ್ದಕ್ಕೆ 4,000 ವರ್ಷ ಉಳೀತು. ಪರ್ಷಿಯನ್ ಕೊಲ್ಲಿ ಮಾದರಿಯ ಒಂದು ಮುದ್ರೆಯೂ ಲೋಥಲ್‌ನಲ್ಲಿ ಸಿಕ್ಕಿದೆ.

ಇದರಿಂದ ದೂರದ ವ್ಯಾಪಾರ ಇತ್ತು ಅಂತ ಗೊತ್ತಾಗುತ್ತೆ, ಆದ್ರೆ ಹೊಂಡ ಹಡಗುಕಟ್ಟೆನೇ ಅನ್ನೋಕೆ ಸಾಲಲ್ಲ. 2024ರಲ್ಲಿ ಗಾಂಧಿನಗರ ಐಐಟಿಯವರು ಉಪಗ್ರಹ ಚಿತ್ರಗಳನ್ನ ನೋಡಿ, ಹಿಂದೆ ಸಾಬರಮತಿ ಲೋಥಲ್ ಪಕ್ಕದಲ್ಲೇ ಹರೀತಿತ್ತು ಅಂದ್ರು. ರಾವ್ ವಾದಕ್ಕೆ ಬಲ ಬಂತು.

ಸರ್ಕಾರಿ ಕೆಲಸ ಮುಗಿಸಿದ ಮೇಲೂ ರಾವ್ ಸುಮ್ಮನೆ ಕೂರಲಿಲ್ಲ. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆ ಸೇರಿ, ನೀರಿನಡಿಯ ಪುರಾತತ್ವ ಅನ್ನೋ ಹೊಸ ಕೆಲಸಕ್ಕೆ ಕೈಹಾಕಿದ್ರು. ಗುಜರಾತಿನ ದ್ವಾರಕೆಯ ಸಮುದ್ರದಲ್ಲಿ ಮುಳುಗುಗಾರರ ತಂಡಕ್ಕೆ ಕಲ್ಲಿನ ಕಟ್ಟಡಗಳ ಅವಶೇಷ, ತೂತು ಕೊರೆದ ಕಲ್ಲಿನ ಲಂಗರುಗಳು ಸಿಕ್ಕವು. ಇದು ಮಹಾಭಾರತದ ದ್ವಾರಕೆ ಅಂತ ರಾವ್ ನಂಬಿದ್ರು. ಕಾಲ ಅಷ್ಟು ಹಳೇದಲ್ಲ ಅಂತ ಆಮೇಲೆ ಅದೇ ಸಂಸ್ಥೆಯ ಸಂಶೋಧಕರೇ ಹೇಳಿದ್ರು. ಸಿಂಧೂ ಲಿಪಿ ಓದಿದ್ದೀನಿ ಅಂತಲೂ ರಾವ್ ಪುಸ್ತಕ ಬರೆದ್ರು, ವಿದ್ವಾಂಸರು ಒಪ್ಪಲಿಲ್ಲ. ನನಗನ್ನಿಸೋದು, ಅವರಿಗೆ ಅವಸರ ಸ್ವಲ್ಪ ಜಾಸ್ತಿ. ಆದ್ರೆ ಆ ಅವಸರ ಇಲ್ಲದಿದ್ರೆ ಅರವತ್ತರ ಹತ್ತಿರದಲ್ಲಿ ಸಮುದ್ರಕ್ಕೆ ಯಾರು ಹೋಗ್ತಿದ್ರು?

2013ರ ಜನವರಿಯಲ್ಲಿ ಬೆಂಗಳೂರಲ್ಲಿ ತೀರಿಕೊಂಡ್ರು. ಲೋಥಲ್‌ನಲ್ಲಿ ಮ್ಯೂಸಿಯಂ ಇದೆ. ಹೋದ್ರೆ ಮುದ್ರೆಗಳಿರೋ ಗಾಜಿನ ಪೆಟ್ಟಿಗೆ ಹತ್ತಿರ ಸ್ವಲ್ಪ ಹೊತ್ತು ನಿಲ್ಲಿ.